ಹಿಟ್ಟಿನ ಜಡೆ

ಕೋಕಿಲಾ ಹಿಟ್ಟಿನ ಮೂರನೇ ಎಳೆ ಹೊಸೆಯುತ್ತಿದ್ದಾಗ ನಾದಿನಿ ಕುಮುದಾ ಅಡುಗೆಮನೆಯ ಬಾಗಿಲಿಗೆ ಬಂದಳು. 2015ರ ಜನವರಿ, ಅಣ್ಣ ವೆಂಕಟಗಿರಿಯ ಅಂತ್ಯಕ್ರಿಯೆಗೆಂದು ಫ್ಲೂಗರ್‌ವಿಲ್ ಊರಿನಿಂದ ಹ್ಯೂಸ್ಟನ್ ಪಕ್ಕದ ಕೇಟಿಗೆ ಬೆಳಗ್ಗೆಯೇ ಬಂದಿಳಿದಿದ್ದಳು. ಓವನ್ ಉರಿಯುತ್ತಿರುವುದನ್ನು ಕಂಡು ಮುಖ ಗಂಟಿಕ್ಕಿದಳು.

"ಸಾವಿನ ಮನೇಲಿ ಒಲೆ ಹಚ್ತಾರಾ ಅತ್ತಿಗೆ? ದಹನ ಆಗೋವರೆಗೂ ಕಾಯಬಾರ್ದಾ?"

"ದಹನಕ್ಕೆ ಈ ಬ್ರೆಡ್ಡೂ ಅವರ ಜೊತೆ ಹೋಗ್ಬೇಕು, ಕುಮುದಾ."

ಪುರೋಹಿತರು ಒಪ್ಪುವುದಿಲ್ಲವೆಂದು ಕುಮುದಾ ಹೇಳಿದಳು. ಡಲ್ಲಾಸ್‌ನಿಂದ ಬಂದಿದ್ದ ಕೋಕಿಲಾಳ ಮಗಳು ಇಶಾ ತಟ್ಟೆಗೆ ಬೆಣ್ಣೆ ಸವರುತ್ತ, "ಅಪ್ಪ ವಾಂಟೆಡ್ ಇಟ್, ಅತ್ತೆ," ಎಂದಳು. ಕುಮುದಾ ಹೊರಗೆ ಹೋದಳು.

*

ವೆಂಕಟಗಿರಿ ಈ ಬ್ರೆಡ್ ಕಲಿತದ್ದು ಸ್ವಿಟ್ಜರ್ಲೆಂಡಿನಲ್ಲಿ, ಮದುವೆಯಾದ ಹೊಸತರಲ್ಲಿ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದಾಗ. ಮನೆಯೊಡತಿ ಶನಿವಾರ ಸಂಜೆ ಹಾಲು ಬೆಣ್ಣೆ ಹಾಕಿ ನಾದಿದ ಹಿಟ್ಟನ್ನು ಮರುದಿನಕ್ಕೆಂದು ಹೆಣೆಯುತ್ತಿದ್ದಳು. ಹೊಸ ವರ್ಷಕ್ಕಂತೂ ಮಾರುದ್ದದ್ದು. ಅಲ್ಲಿಯವರು ಅದನ್ನು ಕರೆಯುವುದೇ ಜಡೆ ಎಂದು. ಅವಳು ನಾಲ್ಕೆಳೆ ಹೆಣೆದರೆ ಇವರ ಕೈಗೆ ಹತ್ತಿದ್ದು ಮೂರೇ. ಮೇಲೆ ಮೊಟ್ಟೆ ಹಚ್ಚಲು ಒಪ್ಪದೆ ಹಾಲಿಗೆ ಕೇಸರಿ ಕದಡಿ ಹಚ್ಚಿದ್ದನ್ನು ಕಂಡು ಆಕೆ ಹಣೆ ಚಚ್ಚಿಕೊಂಡಿದ್ದಳು.

ಹಿಂದೆಲ್ಲ ಗಂಡ ಸತ್ತರೆ ಹೆಂಡತಿ ತನ್ನ ಜಡೆ ಕತ್ತರಿಸಿ ಶವದ ಜೊತೆ ಇಡುತ್ತಿದ್ದಳಂತೆ, ಆಮೇಲೆ ಅದರ ಬದಲಿಗೆ ಈ ಬ್ರೆಡ್ ಬಂತಂತೆ ಎಂದು ಒಮ್ಮೆ ಆಕೆ ಕತೆ ಹೇಳಿದಳು. ಎಲ್ಲದಕ್ಕೂ ನಗುವ ವೆಂಕಟಗಿರಿ ಅಂದು ನಗಲಿಲ್ಲ. ಮೆಟ್ಟಿಲು ಹತ್ತುವಾಗ ಹೆಂಡತಿಗೆ ಹೇಳಿದರು: "ನಮ್ಮಜ್ಜಿ ತಲೆ ಬೋಳಿಸೋವಾಗ ಅವಳನ್ನ ಯಾರೂ ಕೇಳ್ಲಿಲ್ಲ. ನಾನು ಹೋದಾಗ ನೀನು ಏನನ್ನೂ ಕಳ್ಕೋಬೇಡ ಕಣೇ. ಒಂದು ಬ್ರೆಡ್ ಇಡು, ಸಾಕು."

ಆಮೇಲೆ ಕೇಟಿಯ ಈ ಮನೆಯಲ್ಲಿ ಎಷ್ಟೊಂದು ಭಾನುವಾರಗಳು. ಹ್ಯೂಸ್ಟನ್ ಸೆಖೆಗೆ ಹಿಟ್ಟು ಪಾತ್ರೆ ಮೀರಿ ಉಬ್ಬುತ್ತಿತ್ತು. ಬಂದವರಿಗೆಲ್ಲ ಬಿಸಿ ಬ್ರೆಡ್, ನೆಂಚಿಕೊಳ್ಳಲು ಕೋಕಿಲಾಳ ಟೊಮೇಟೊ ಗೊಜ್ಜು. ಅಂಥ ಭಾನುವಾರ ಇನ್ನೊಂದು ಬರುವುದಿಲ್ಲ.

*

ಫ್ಯೂನರಲ್ ಹೋಮ್‌ನಲ್ಲಿ ಎಲ್ಲರೂ ವೆಂಕಟಗಿರಿಯ ಬಾಯಿಗೆ ಅಕ್ಕಿಕಾಳು ಹಾಕಿದ್ದಾಯಿತು. ಕೋಕಿಲಾ ಟವೆಲ್ ಬಿಚ್ಚಿ ಬ್ರೆಡ್ ತೆಗೆದಳು. ಇದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಪುರೋಹಿತರು ಗೊಣಗಿದರು. ಕುಮುದಾ ಅಡ್ಡ ಬಂದಳು.

"ಬೇಡ ಅತ್ತಿಗೆ. ಜನ ನೋಡ್ತಿದಾರೆ."

"ನಿಮ್ಮಜ್ಜಿ ತಲೆ ನೆನಪಿದೆಯಾ ನಿನಗೆ?" ಕೋಕಿಲಾ ಮೆಲ್ಲಗೆ ಕೇಳಿದಳು. "ಅದನ್ನ ಮರೀಲಾರದೇನೇ ನಿಮ್ಮಣ್ಣ ಇದನ್ನ ಕೇಳಿದ್ದು. ನನ್ನ ಜಡೆ ಬದಲಿಗೆ."

ಆ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು ಕುಮುದಾ. ಬ್ರೆಡ್ಡನ್ನು ತಾನೇ ಇಸಿದುಕೊಂಡು ಅಣ್ಣನ ಎದೆಯ ಮೇಲಿಟ್ಟಳು.

ಪಕ್ಕದ ಡಬ್ಬಿಯಲ್ಲಿ ಇನ್ನೂ ಯಾರೂ ಮುಟ್ಟದ ಮಲ್ಲಿಗೆ ದಂಡೆಯಿತ್ತು. ಕುಮುದಾ ಅದರಲ್ಲಿ ಒಂದು ಗೇಣು ಹರಿದುಕೊಂಡು ಕೋಕಿಲಾಳ ಬೆನ್ನ ಹಿಂದೆ ಬಂದು ನಿಂತಳು.

"ಇದನ್ನ ಯಾರೂ ತೆಗಿಯೋ ಹಾಗಿಲ್ಲ," ಎಂದು, ಅಷ್ಟು ಜನರ ಎದುರು, ಅತ್ತಿಗೆಯ ನರೆತ ಜಡೆಗೆ ಹೂ ಮುಡಿಸಿ, ತನ್ನ ತಲೆಯ ಪಿನ್ನು ಕಿತ್ತು ಭದ್ರವಾಗಿ ಸಿಕ್ಕಿಸಿದಳು.