ಪಾದೆಗುಡ್ಡೆಯ ಸೊನ್ನೆ ಚೀಟಿ

“ಏಯ್, ಇಳೀರಿ ಇಳೀರಿ! ಗುಡ್ಡೆಯ ಕಸಬರಿಕೆಗಳಿಗೆಲ್ಲ ನನ್ನ ಬಸ್ಸಲ್ಲಿ ಜಾಗ ಇಲ್ಲ. ನಿಮ್ಮ ಮಾವನ ಮನೆ ಬಸ್ಸು ಅಲ್ಲಿ ಪಂಚರಾಗಿ ಮಲಗಿದೆಯಲ್ಲ, ಅದನ್ನೇ ದೂಡಿಕೊಂಡು ಹೋಗಿ!”

ಕಾಪುವಿನ ಹೆದ್ದಾರಿ ಸ್ಟಾಪಿನಲ್ಲಿ ನಿಂತು ಕೂಗುತ್ತಿದ್ದವನು ತಾರಾನಾಥ ಧಣಿ. ಮೂರು ಎಕ್ಸ್‌ಪ್ರೆಸ್ ಬಸ್ಸುಗಳ ಮಾಲೀಕ. ಚಂಪಾ ಆಗಲೇ ಒಂದು ಕಾಲನ್ನು ಫುಟ್‌ಬೋರ್ಡಿನ ಮೇಲೆ ಇಟ್ಟಾಗಿತ್ತು. ಅದನ್ನು ತೆಗೆಯಲಿಲ್ಲ.

“ಧಣಿ, ಧರ್ಮಕ್ಕೆ ಕೇಳುದಲ್ಲ. ದುಡ್ಡು ಕೊಟ್ಟೇ ಹೋಗುದು. ಏಳೂವರೆಗೆ ಮಣಿಪಾಲ ಮುಟ್ಟಬೇಕು.”

“ಒಂದು ತಿಂಗಳು ಫ್ರೀ ಬಸ್ಸಲ್ಲಿ ಮೆರೆದದ್ದು ಸಾಲದಾ? ಈಗ ತಾರಾನಾಥ ನೆನಪಾದ್ನಾ? ಬರುವ ಸೋಮವಾರದಿಂದ ಅದೂ ಇಲ್ಲ, ತಿಳ್ಕೊಳ್ಳಿ. ಒಂದು ಟ್ರಿಪ್ಪಿಗೆ ಎಷ್ಟು ಜನ ಗೊತ್ತುಂಟಾ? ಹನ್ನೊಂದು! ನಾನು ಹೇಳುದಲ್ಲ, ಆಫೀಸಿನವರು ಹೇಳುದು. ಹನ್ನೊಂದು ಬೇವರ್ಸಿಗಳಿಗೆ ಒಂದು ಬಸ್ಸು!”

ಅವನು ಬಸ್ಸಿನ ತಗಡಿಗೆ ಎರಡು ಸಲ ಬಡಿದ. “ರೈಟ್, ಪೋಯಿ!” ಕರಾವಳಿಯ ಬಸ್ಸುಗಳು ಈ ಎರಡು ಪೆಟ್ಟಿಗೆ ಕಾದಿರುತ್ತವೆ. ಎಕ್ಸ್‌ಪ್ರೆಸ್ ಹೊರಟೇ ಹೋಯಿತು. ಚಂಪಾ ಕಾಲನ್ನು ಎಳೆದುಕೊಳ್ಳುವುದಕ್ಕೂ ಅದು ಹಾರುವುದಕ್ಕೂ ಸರಿಹೋಯಿತು.

ಅವಳು ತಿರುಗಿ ನೋಡಿದಳು. ಪಂಚರಾದ ಸರಕಾರಿ ಬಸ್ಸಿನಿಂದ ಇಳಿದವರು ಸ್ಟಾಪಿನ ಉದ್ದಕ್ಕೂ ನಿಂತಿದ್ದರು. ಹಾಸ್ಟೆಲ್ ಗುಡಿಸುವವರು, ಆಸ್ಪತ್ರೆಯ ಬಟ್ಟೆ ಒಗೆಯುವವರು, ಕ್ಯಾಂಟೀನಿನಲ್ಲಿ ಪಾತ್ರೆ ಉಜ್ಜುವವರು. ಅರುವತ್ತಕ್ಕೆ ಕಡಿಮೆಯಿಲ್ಲ.

“ಹನ್ನೊಂದಂತೆ, ಸುಂದರಕ್ಕ.”

ಮೀನಿನ ಬುಟ್ಟಿಯನ್ನು ನೆಲಕ್ಕಿಳಿಸಿ ಸೊಂಟ ನೆಟ್ಟಗೆ ಮಾಡುತ್ತಿದ್ದ ಸುಂದರಿ ಉಗುಳಿದಳು. “ಎಂತ ಹನ್ನೊಂದು? ಇವತ್ತು ನನ್ನ ಕಾಲು ತುಳಿದವರೇ ಹದಿನೈದು ಜನ ಉಂಟು.”

ಡ್ರೈವರ್ ಕೂಸಪ್ಪ ಮಾತು ಕಡಿಮೆಯ ಮನುಷ್ಯ. ಅವನು ಜಾಕ್ ಕೊಟ್ಟ, ಹೆಂಗಸರು ಸ್ಟೆಪ್ನಿ ಉರುಳಿಸಿಕೊಂಡು ಬಂದರು, ಹನ್ನೆರಡು ನಿಮಿಷದಲ್ಲಿ ಚಕ್ರ ಬದಲಾಯಿತು. ಚಂಪಾ ಕೆಲಸದ ಜಾಗ ತಲುಪಿದಾಗ ಏಳು ಇಪ್ಪತ್ತೆಂಟು. ಸೂಪರ್‌ವೈಸರ್ ಮನೀಶ್ ಗಡಿಯಾರ ನೋಡಿ ನಿರಾಶನಾದ.

ಅವನ ನಿರಾಶೆಗೆ ಕಾರಣವಿತ್ತು. ಪಾದೆಗುಡ್ಡೆಯ ಕಾಲನಿಯಿಂದ ಕಾಪು ಹೆದ್ದಾರಿಗೆ ನಾಲ್ಕೂವರೆ ಕಿಲೋಮೀಟರ್. ಗುಡ್ಡೆಯ ಕೆಳಗಿನ ಮನೆಗಳಲ್ಲಿ ಎರಡೆರಡು ಕಾರು, ಅದರ ಜತೆಗೆ ಒಂದು ಸ್ಕೂಟರು. ಗುಡ್ಡೆಯ ಮೇಲಿನ ಎಂಬತ್ತು ಮನೆಗಳಿಗೆ ಒಟ್ಟು ನಾಲ್ಕು ಬೈಕು, ಅದರಲ್ಲೊಂದಕ್ಕೆ ಬ್ರೇಕಿಲ್ಲ. ಬಸ್ಸು ಬರುವ ಮೊದಲು ಚಂಪಾ ಕತ್ತಲಿದ್ದಾಗಲೇ ಎದ್ದು ನಡೆಯುತ್ತಿದ್ದಳು. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್‌ಗಳು ಅವರನ್ನು ಕಂಡರೆ ನಿಲ್ಲಿಸುತ್ತಿರಲಿಲ್ಲ. ಹಾಗೆ ಮೂರು ಸಲ ತಡವಾಗಿತ್ತು. ಮೂರನೆಯ ಸಲ ಮನೀಶ್ ಅವಳ ಕೈಗೆ ಒರೆಸುವ ಕೋಲು ಕೊಟ್ಟು ಹಾಸ್ಟೆಲಿನ ಮೆಟ್ಟಿಲ ಬುಡದಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದ್ದ. ಕಾಲೇಜಿಗೆ ಇಳಿದುಬರುವ ಹುಡುಗಿಯರಿಗೆಲ್ಲ ಕೇಳುವಂತೆ, “ಮಹಾರಾಣಿಯವರ ಸವಾರಿ ಈಗ ಬಂತು, ದಾರಿ ಬಿಡಿ” ಎಂದಿದ್ದ. ನಾಲ್ಕನೆಯ ಸಲ ತಡವಾದರೆ ಬರುವುದೇ ಬೇಡ ಎಂದೂ ಹೇಳಿದ್ದ.

ಅರ್ಜಿ ಕೊಟ್ಟು, ಮತ್ತೆ ಕೊಟ್ಟು, ಕೊನೆಗೆ ಸರಕಾರಿ ಬಸ್ಸು ಬಂದಿತ್ತು. ದಿನಕ್ಕೆ ನಾಲ್ಕು ಟ್ರಿಪ್. ಒಂದು ತಿಂಗಳು ನೋಡುತ್ತೇವೆ, ಜನ ಇದ್ದರೆ ಮುಂದುವರಿಸುತ್ತೇವೆ ಎಂಬ ಮಾತಿನ ಮೇಲೆ.

ಜನ ಇದ್ದರಲ್ಲ? ಮತ್ತೆ ಹನ್ನೊಂದು ಎಲ್ಲಿಂದ ಬಂತು?

ಕಂಡಕ್ಟರು ಬಾದಾಮಿಯ ಕಡೆಯವನು. ಗುಡ್ಡೆಯಲ್ಲಿ ಅವನಿಗೆ ಬಾದಾಮಿ ಎಂದೇ ಹೆಸರು. ಆ ಬೆಳಿಗ್ಗೆ ಬಸ್ಸಿನಲ್ಲೇ ಚಂಪಾ ಕೇಳಿದಾಗ ಅವನು ಚೀಟಿ ಕೊಡುವ ಮಷಿನ್ನನ್ನು ಎತ್ತಿ ತೋರಿಸಿದ.

“ಇದರಾಗ ಇದ್ದವ್ರಷ್ಟ ಬಸ್ಸಿನ್ಯಾಗ ಇದ್ದಂಗ, ಯಕ್ಕಾ. ಚೀಟಿ ತಗೋಳ್ರಿ ತಗೋಳ್ರಿ ಅಂತ ನಾ ದಿನಾ ಬಾಯಿ ಬಡ್ಕೊಂಡೆ. ನೀವು ತಗೊಂಡ್ರೇನು?”

ಚಂಪಾಳ ಕಿವಿ ಬಿಸಿಯಾಯಿತು. ಮೊದಲ ದಿನ ನಡೆದದ್ದು ನೆನಪಾಯಿತು. ಇಲ್ಲಿನ ಖಾಸಗಿ ಬಸ್ಸುಗಳಲ್ಲಿ ದಿನಾ ಹೋಗುವವರು ಚೀಟಿ ಕೇಳುವ ಕ್ರಮ ಇಲ್ಲ. ಗುರುತಿನವರಿಗೆ ಎಂತ ಚೀಟಿ? ಚಿಲ್ಲರೆ ಕೊಡು, ತಲೆ ಆಡಿಸು, ಮುಗಿಯಿತು. ಚೀಟಿ ಕೇಳುವವ ಹೊರಗಿನವ. ಆ ಮರ್ಯಾದೆಯನ್ನೇ ಚಂಪಾ ಸರಕಾರಿ ಬಸ್ಸಿಗೂ ಹೊತ್ತು ತಂದಿದ್ದಳು. ಬಾದಾಮಿ, “ಕಾರ್ಡ್ ತೋರಿಸ್ರಿ, ಸೊನ್ನಿ ರೂಪಾಯಿ ಚೀಟಿ ಕೊಡ್ತೀನಿ” ಎಂದಾಗ ಇಡೀ ಬಸ್ಸು ಕೇಳುವಂತೆ ಹೇಳಿದವಳು ಅವಳೇ:

“ಹೆಂಗಸರಿಗೆ ಫ್ರೀ ಅಂತ ಆದ ಮೇಲೆ ಕಾಗದ ಯಾಕೆ ಹಾಳು ಮಾಡುದು? ದಿನಾ ನಮ್ಮ ಮುಖ ನೋಡ್ತಿ, ಗುರ್ತ ಸಿಗುದಿಲ್ವಾ?”

“ಚೆಕಿಂಗ್ ಸ್ಕ್ವಾಡ್ ಬಂದ್ರ ನನ್ನ ಕತಿ ಮುಗೀತೈತಿ ಯಕ್ಕಾ.”

“ಎಪ್ಪತ್ತೈದು ವರ್ಷ ಈ ಗುಡ್ಡೆಗೆ ಬಸ್ಸೇ ಬರ್ಲಿಲ್ಲ ಮಾರಾಯ, ಸ್ಕ್ವಾಡ್ ಬರ್ತದಾ?”

ಬಸ್ಸಿಗೆ ಬಸ್ಸೇ ನಕ್ಕಿತ್ತು. ಹೊಸ ಊರು, ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು. ಬಾದಾಮಿ ಸೋತು ಕೇಳಿದವರಿಗೆ ಮಾತ್ರ ಕೊಟ್ಟ. ಕೇಳಿದವರು ಹನ್ನೊಂದು ಜನ. ಅರುವತ್ತು ಹೆಂಗಸರು ಒಂದು ತಿಂಗಳು ಆ ಬಸ್ಸಿನಲ್ಲಿ ನೇತಾಡಿದರೂ ಸರಕಾರದ ಪಾಲಿಗೆ ಬಸ್ಸು ಖಾಲಿ ಓಡಿತ್ತು.

ಪಂಚರಾದ ದಿನವೂ ಸೋಮವಾರವೇ. ಅವತ್ತೇ ಊಟದ ಬಿಡುವಿನಲ್ಲಿ ಚಂಪಾ ಊಟ ಬಿಟ್ಟು ಉಡುಪಿಯ ಸರಕಾರಿ ಬಸ್ ಕಚೇರಿಗೆ ಹೋದಳು. ಮೀನು ಮಾರಿ ಮುಗಿಸಿದ್ದ ಸುಂದರಿಯೂ ಜತೆಗಿದ್ದಳು. ಅಲ್ಲಿನ ಅಧಿಕಾರಿ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು.

“ಆ ಬುಟ್ಟಿ ಹೊರಗೆ. ಬುಟ್ಟಿಯವಳೂ ಹೊರಗೆ.”

ಎದುರಿನ ಕುರ್ಚಿಯಲ್ಲಿ ತಾರಾನಾಥ ಧಣಿ ಚಹಾ ಕುಡಿಯುತ್ತಿದ್ದ. ಎರಡನೆಯ ಕುರ್ಚಿ ಖಾಲಿಯಿತ್ತು. ಚಂಪಾ ನಿಂತೇ ಹೇಳಿದಳು.

“ತಪ್ಪು ನಮ್ಮದು ಸಾರ್, ಚೀಟಿ ತಗೊಳ್ಳಲಿಲ್ಲ. ಆದ್ರೆ ಜನ ಇದ್ದದ್ದು ಸತ್ಯ.”

“ಮಷಿನ್ ಸುಳ್ಳು ಹೇಳುವುದಿಲ್ಲಮ್ಮ. ಹೆಂಗಸರು ಹೇಳ್ತಾರೆ,” ಎಂದರು ಸಾಹೇಬರು. ತಾರಾನಾಥ ಚಹಾ ಚೆಲ್ಲುವಷ್ಟು ನಕ್ಕ. ಸಾಹೇಬರು ಮುಂದುವರಿಸಿದರು: “ಅಷ್ಟಕ್ಕೂ ಈ ಕಾಲದಲ್ಲಿ ಯಾರ ಮನೆಯಲ್ಲಿ ಸ್ಕೂಟರ್ ಇಲ್ಲ ಹೇಳಿ? ಈ ಪಾದೆಗುಡ್ಡೆ ಅನ್ನುವುದು ಎಲ್ಲಿ ಬರ್ತದೆ? ಕಾರ್ಕಳದ ಹತ್ತಿರವಾ?”

“ಕಾಪುವಿನ ಹತ್ತಿರ ಸಾರ್. ನೀವೇ ಬಸ್ಸು ಹಾಕಿದ್ದು.”

ಸಾಹೇಬರ ಮುಖ ಕೆಂಪಾಯಿತು. “ಆಯ್ತು. ನಾಳೆಯಿಂದ ಶನಿವಾರದವರೆಗೆ ದಿನಕ್ಕೆ ಇನ್ನೂರು ಚೀಟಿ ಕಾಣಿಸಿ. ಒಂದು ದಿನ ಒಂದು ಚೀಟಿ ಕಡಿಮೆಯಾದರೂ ಬಸ್ಸಿಲ್ಲ. ಇನ್ನು ಹೋಗಿ, ಕೆಲಸ ಉಂಟು.”

ಹೊರಗೆ ಸುಂದರಿ ಬುಟ್ಟಿಯ ಮೇಲೆ ಕೂತಿದ್ದಳು. “ಎಂತ ಹೇಳಿದ, ಆ ಕರವಸ್ತ್ರ?”

“ಇನ್ನೂರು ಬೇಕಂತೆ.”

“ಅಷ್ಟೆಯಾ? ನಾನು ದಿನಾ ಇನ್ನೂರು ಬಂಗುಡೆ ಎಣಿಸುವವಳು. ಮನುಷ್ಯರನ್ನು ಎಣಿಸ್ಲಿಕ್ಕೆ ಆಗುದಿಲ್ವಾ?”

ಮಂಗಳವಾರ ಬೆಳಿಗ್ಗೆ ಬಾದಾಮಿ ಬಸ್ಸಿನ ಬಾಗಿಲು ತೆರೆದವನು ಹಾಗೇ ನಿಂತ. ಗುಡ್ಡೆಯ ಅಷ್ಟೂ ಹೆಂಗಸರು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕರಿಮಣಿಯ ಜತೆ ಕೊರಳಿಗೆ ನೇತುಹಾಕಿಕೊಂಡು ಸಾಲಾಗಿ ನಿಂತಿದ್ದರು. “ಕೊಡು ಮಾರಾಯ ಚೀಟಿ! ಮೊದಲು ನನಗೆ!” ಎಂದು ಜಗಳ ಬೇರೆ. ಕೊಟ್ಟ ಚೀಟಿಯನ್ನು ಕೆಲವರು ಎರಡೆರಡು ಸಲ ಓದಿಸಿಕೊಂಡರು. ಊರಿನ ಹೆಸರು ಅಚ್ಚಾದದ್ದನ್ನು ಅವರು ಮತದಾರರ ಪಟ್ಟಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಟ್ರಿಪ್ಪುಗಳಿಗೆ ಜನ ಸಾಲದು ಎಂದಾಗ ಎಂಬತ್ತರ ಕುಶಲಜ್ಜಿ ಮುಂದೆ ಬಂದಳು. “ನಾನು ಕಾಪು ಲೈಟ್‌ಹೌಸ್ ಒಮ್ಮೆಯೂ ನೋಡ್ಲಿಲ್ಲ. ಇವತ್ತು ನೋಡಿ ಬರ್ತೇನೆ.” ಮರುದಿನ ಇನ್ನೂ ಒಂದಷ್ಟು ಅಜ್ಜಿಯಂದಿರನ್ನು ಕಟ್ಟಿಕೊಂಡು ಹೋದಳು. ಗುರುವಾರ, ಉಡುಪಿಯ ಸರಕಾರಿ ಆಸ್ಪತ್ರೆಗೆ ಹೋಗದೆ ತಿಂಗಳಾದ ಬಿಪಿ, ಶುಗರ್ ಎಲ್ಲ ಬಸ್ಸು ಹತ್ತಿದವು. ಗಂಡಸರೂ ದುಡ್ಡು ಕೊಟ್ಟು ಹೋದರು. ಬ್ರೇಕಿಲ್ಲದ ಬೈಕಿನ ಅಣ್ಣು ಕೂಡ. ಮಂಗಳವಾರ ಇನ್ನೂರ ಎಂಟು. ಬುಧವಾರ ಇನ್ನೂರ ಹದಿನಾಲ್ಕು. ಗುರುವಾರ, ಶುಕ್ರವಾರಗಳೂ ದಾಟಿದವು.

ಶನಿವಾರ ಸಂಜೆ ಐದೂ ಕಾಲಿಗೆ ಮಣಿಪಾಲದಿಂದ ಕೊನೆಯ ಟ್ರಿಪ್ ಹೊರಟಿತು. ಬಸ್ಸಿನಲ್ಲಿ ಎಪ್ಪತ್ತೊಂದು ಜನ. ಇಂದ್ರಾಳಿ ಸೇತುವೆಯಲ್ಲಿ ಕಾರುಗಳ ಸಾಲಿನ ನಡುವೆ ಬಸ್ಸು ಸಿಕ್ಕಿಬಿದ್ದಿದ್ದಾಗ ಮಷಿನ್ನು ಕಿರ್ರ್ ಎಂದು ಖಾಲಿ ನಾಲಗೆ ಚಾಚಿತು.

“ರೋಲ್ ಖಾಲಿ ಆತು,” ಎಂದ ಬಾದಾಮಿ. ಚೀಲದೊಳಗೆಲ್ಲ ಕೈಯಾಡಿಸಿದ. “ಇನ್ನೊಂದು ಇಲ್ಲ. ಈ ರೂಟಿಗೆ ಒಂದ ರೋಲ್ ಸಾಕು ಅಂದಿದ್ರು.”

“ಎಷ್ಟಾಯ್ತು ಇವತ್ತಿಗೆ?”

“ನೂರ ಎಪ್ಪತ್ತೊಂದು.”

ಚೀಟಿಯಿಲ್ಲದ ನಲವತ್ತಾರು ಜನ ಕೊರಳಿನ ಕಾರ್ಡು ಹಿಡಿದುಕೊಂಡೇ ನಿಂತಿದ್ದರು. ಬೇಕಾದದ್ದು ಇಪ್ಪತ್ತೊಂಬತ್ತು. ಇಷ್ಟು ಜನ ಇಲ್ಲೇ ಬೆವರುತ್ತಿದ್ದರೂ ಸೋಮವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಮತ್ತೆ ಆ ಕೋಲು ಹಿಡಿದು ನಿಲ್ಲುವುದು ಚಂಪಾಳ ಕಣ್ಣಿಗೆ ಕಂಡಿತು. ಅಲ್ಲ, ಅಷ್ಟೂ ಇಲ್ಲ. ಮನೀಶ್ ಗೇಟಿನಲ್ಲೇ ತಡೆಯುತ್ತಾನೆ.

“ಕೂಸಪ್ಪಣ್ಣ,” ಅವಳು ಡ್ರೈವರನ ಹತ್ತಿರ ಹೋದಳು, “ಚೀಟಿ ಇಲ್ಲದವರನ್ನು ಕೂರಿಸಿಕೊಂಡು ಹೋಗುದು ತಪ್ಪಲ್ವಾ?”

“ತಪ್ಪು.”

“ರೋಲ್ ಎಲ್ಲಿ ಸಿಗ್ತದೆ?”

“ಆಫೀಸಲ್ಲಿ.”

“ಹಾಗಾದ್ರೆ ತಪ್ಪು ಮಾಡುದು ಬೇಡ.”

ಕೂಸಪ್ಪ ಕನ್ನಡಿಯಲ್ಲಿ ಅವಳನ್ನು ಒಮ್ಮೆ ನೋಡಿದ. ಉಡುಪಿಗೆ ಬಂದು, ಸ್ಟ್ಯಾಂಡಿಗೆ ತಿರುಗಬೇಕಾದಲ್ಲಿ ತಿರುಗದೆ, ಕಚೇರಿಯ ಗೇಟಿಗೆ ಅಡ್ಡವಾಗಿ ಬಸ್ಸು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ.

ಒಳಗೆ ಸಾಹೇಬರ ಜೀಪು ಹೊರಡಲು ಗುರುಗುಟ್ಟುತ್ತಿತ್ತು. ಅವರು ಇಳಿದು ಬಂದರು. “ಯಾವನವನು? ತೆಗೀರಿ ಬಸ್ಸು!”

ಚಂಪಾ ಬಾಗಿಲಲ್ಲಿ ನಿಂತಳು. “ತೆಗೀತೇವೆ ಸಾರ್. ಚೀಟಿ ಇಲ್ಲದೆ ಬಸ್ಸು ಹೋಗುವ ಹಾಗಿಲ್ಲ. ರೋಲ್ ಇಲ್ಲದೆ ನಲವತ್ತಾರು ಜನರಿಗೆ ಚೀಟಿ ಇಲ್ಲ. ರೋಲ್ ನಿಮ್ಮಲ್ಲಿ ಉಂಟು.”

“ಸ್ಟೋರ್ ಮುಚ್ಚಿದೆ. ಸೋಮವಾರ ಬನ್ನಿ.”

“ಸೋಮವಾರ ಬಸ್ಸೇ ಇಲ್ಲವಲ್ಲ ಸಾರ್, ಯಾವುದರಲ್ಲಿ ಬರುದು?”

ಒಳಗಿನಿಂದ ನಗೆ ಸಿಡಿಯಿತು. ಹಿಂದಿನಿಂದ ಸುಂದರಿ ಕೂಗಿದಳು: “ಜೀಪಲ್ಲಿ ಕರ್ಕೊಂಡು ಬರ್ತಾರಂತೆ ಮಾರಾಯ್ತಿ, ಸುಮ್ಮನಿರು!”

ರಸ್ತೆಯಲ್ಲಿ ಜನ ಸೇರತೊಡಗಿದ್ದರು. ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಅದನ್ನು ನೋಡಿ ಸಾಹೇಬರ ದನಿ ಇಳಿಯಿತು. ಗುಮಾಸ್ತನನ್ನು ಸ್ಟೋರಿಗೆ ಓಡಿಸಿದರು. ಆದರೆ ಮಾತು ಬಿಡಲಿಲ್ಲ: “ನಲವತ್ತಾರು ಜನ ಬಾಕಿ ಅಂತೀರಾ? ಯಾರು ನಂಬ್ತಾರೆ? ಒಂದೇ ಹೆಂಗಸಿಗೆ ಎರಡು ಚೀಟಿ ಕೊಡಿಸ್ತೀರೋ ಏನೋ.”

ಚಂಪಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

“ಹತ್ತಿ ಸಾರ್. ನೀವೇ ಎಣಿಸಿ.”

ಮೊಬೈಲಿನವನು ಇನ್ನೂ ಹತ್ತಿರ ಬಂದ. ಸಾಹೇಬರು ಪ್ಯಾಂಟು ಎತ್ತಿಕೊಂಡು ಹತ್ತಿದರು. ಒಂದು, ಎರಡು, ಮೂರು ಎಂದು ಬೆರಳು ಮಾಡುತ್ತ ಹಿಂದಕ್ಕೆ ಹೋದರು. ಹೆಂಗಸರು ದಾರಿ ಬಿಡಲು ಜಾಗವಿರಲಿಲ್ಲ. ಸಾಹೇಬರು ಓರೆಯಾಗಿ, ಉಸಿರು ಹಿಡಿದು ನುಸುಳಬೇಕಾಯಿತು. ಹದಿನೇಳಕ್ಕೆ ಯಾರದೋ ಮೊಣಕೈ ತಾಗಿ ಎಣಿಕೆ ತಪ್ಪಿತು. ಮತ್ತೆ ಒಂದರಿಂದ. ಅಷ್ಟರಲ್ಲಿ ಗುಮಾಸ್ತ ರೋಲ್ ತಂದುಕೊಟ್ಟ, ಬಾದಾಮಿ ತುರುಕಿದ, ಮಷಿನ್ನು ಮತ್ತೆ ಮಾತಾಡಿತು. ನೂರ ಎಪ್ಪತ್ತೆರಡು. ನೂರ ಎಪ್ಪತ್ತಮೂರು.

ಸಾಹೇಬರು ಹಿಂದಿನ ಸೀಟಿನ ಹತ್ತಿರ, ಸುಂದರಿಯ ಬುಟ್ಟಿಯ ಪಕ್ಕ ತಲುಪಿದ್ದರು. ಚಂಪಾ ಫುಟ್‌ಬೋರ್ಡಿನ ಮೇಲೆ ನಿಂತು, ಒಂದು ಕೈ ಹೊರಗೆ ಚಾಚಿ, ಬಸ್ಸಿನ ತಗಡಿಗೆ ಎರಡು ಸಲ ಬಡಿದಳು.

“ರೈಟ್, ಪೋಯಿ!”

ಮೂವತ್ತು ವರ್ಷದ ಸರ್ವಿಸಿನಲ್ಲಿ ಕೂಸಪ್ಪ ಆ ಎರಡು ಪೆಟ್ಟಿಗೆ ಒಮ್ಮೆಯೂ ಅವಿಧೇಯನಾದವನಲ್ಲ. ಬಸ್ಸು ಹೊರಟಿತು.

“ಏಯ್, ನಿಲ್ಲಿಸಿ! ನಾನು ಇದ್ದೇನೆ!”

“ಗೊತ್ತುಂಟು ಸಾರ್,” ಎಂದಳು ಚಂಪಾ. “ಅದಕ್ಕೇ ಗೇಟು ಖಾಲಿ ಮಾಡಿದ್ದು. ನೀವು ಹೇಳಿದ್ದಲ್ವಾ, ತೆಗೀರಿ ಅಂತ?”

ಉದ್ಯಾವರ ಸೇತುವೆ ಬರುವಾಗ ಬಾದಾಮಿ ಗಟ್ಟಿಯಾಗಿ ಕೂಗುತ್ತ ಚೀಟಿ ಹರಿಯುತ್ತಿದ್ದ. “ನೂರ ತೊಂಬತ್ತೆಂಟು... ನೂರ ತೊಂಬತ್ತೊಂಬತ್ತು...” ಅಲ್ಲಿಗೆ ನಿಂತು ಚಂಪಾಳ ಮುಖ ನೋಡಿದ. ಅವಳು ಗಲ್ಲ ಎತ್ತಿ ಹಿಂದೆ ಸಾಹೇಬರ ಕಡೆ ತೋರಿಸಿದಳು.

ಬಾದಾಮಿ ಸಾಹೇಬರ ಎದುರು ಹೋಗಿ ನಿಂತ. “ಸಾಹೇಬ್ರ, ಟಿಕೇಟು.”

“ನನಗೆ ಪಾಸ್ ಇದೆ!”

“ತೋರ್ಸಿ ಸಾರ್,” ಎಂದಳು ಕುಶಲಜ್ಜಿ, ತನ್ನ ಕೊರಳಿನ ಕಾರ್ಡನ್ನು ಅವರ ಮೂಗಿನ ಹತ್ತಿರ ಹಿಡಿದು. “ನಾವು ದಿನಾ ತೋರಿಸುದಿಲ್ವಾ?”

ಸಾಹೇಬರು ಎದೆಯ ಜೇಬು ಮುಟ್ಟಿಕೊಂಡರು, ಹಿಂದಿನ ಜೇಬು ಮುಟ್ಟಿಕೊಂಡರು. ಪಾಸು ಬ್ಯಾಗಿನಲ್ಲಿತ್ತು. ಬ್ಯಾಗು ಜೀಪಿನಲ್ಲಿತ್ತು.

ಸುಂದರಿ ಖಾಲಿ ಬುಟ್ಟಿಯನ್ನು ಕವುಚಿ ಹಾಕಿ, ಸೆರಗಿನಿಂದ ಒರೆಸಿ, ಮುಂದೆ ದೂಡಿದಳು. “ಕೂತ್ಕೊಳ್ಳಿ. ದೂರ ಉಂಟು. ನಿಂತ್ರೆ ಕಾಲು ನೋಯ್ತದೆ.”

ಬಾದಾಮಿ ಮಷಿನ್ನಿನ ಮೇಲೆ ಬೆರಳಿಟ್ಟು ಕಾದ. “ಎಲ್ಲಿಗ್ರಿ?”

“ಇದು... ಎಲ್ಲಿಗೆ ಹೋಗ್ತದೆ?” ಎಂದರು ಸಾಹೇಬರು.

ಎಪ್ಪತ್ತು ಗಂಟಲುಗಳು ಒಟ್ಟಿಗೇ ಹೇಳಿದವು: “ಪಾದೆಗುಡ್ಡೆಗೆ!”