ಎತ್ತಿದ ಜಾಗ

ಏಳು ಕೋಣೆಯ ಅರಮನೆಯ ಕಥೆಯನ್ನು ಯಮುನಾಬಾಯಿ ಎಷ್ಟು ಸಲ ಹೇಳಿದರೂ ರಾಜಕುಮಾರ ಏಳನೆಯ ಬಾಗಿಲನ್ನು ತೆಗೆದೇ ತೆಗೆಯುತ್ತಿದ್ದ. ಆರು ಕೋಣೆಗಳ ತುಂಬ ಮುತ್ತು, ಹವಳ, ಮಾತಾಡುವ ಹಕ್ಕಿ, ಹಾರುವ ಕುದುರೆ. ಏಳನೆಯದನ್ನು ಮಾತ್ರ ಮುಟ್ಟಬೇಡ ಎಂದು ಕಾವಲಿನ ಮುದುಕಿ ಅವನ ಕೈಗೆ ಬೀಗದ ಕೈ ಕೊಟ್ಟೇ ಹೇಳಿ ಹೋಗಿರುತ್ತಾಳೆ. ಪುಟ್ಟ ಪೂರ್ವಿ ಅಜ್ಜಿಯ ಸೆರಗು ಜಗ್ಗಿ, "ತೆಗೀದ ಇದ್ದಿದ್ರ ಏನಾಕ್ಕಿತ್ತಜ್ಜಿ?" ಎಂದು ಕೇಳುತ್ತಿದ್ದಳು. ಅಜ್ಜಿ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದಳು. "ತೆಗೀದ ಇದ್ರ ಕಥಿ ಎಲ್ಲಿಂದ ಬರತೈತಿ, ಹುಚ್ಚಿ?"

ಆ ಪೂರ್ವಿ ಈಗ ಹೈದರಾಬಾದಿನ ನಾಚಾರಂನಲ್ಲಿ ವಾಲ್ವ್ ಮಾಡುವ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ತೆಗೆಯುತ್ತಾಳೆ. ಅವಳ ಅಪ್ಪ ರಾಮದಾಸ ಮನೆಯ ನಡುಕೋಣೆಯಲ್ಲಿ ಕೂತು ಏಳನೆಯ ಬಾಗಿಲಿಗೆ ಕೀಲಿ ಹುಡುಕುತ್ತಿದ್ದಾನೆ.

ರಾಮದಾಸ ಗದಗಿನ ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಅಳತೆಯ ಗೇಜು, ಮೀಟರುಗಳನ್ನು ಬಿಚ್ಚಿ ಕೂಡಿಸುತ್ತಲೇ ನಿವೃತ್ತನಾದವನು. ಅವನಿಗೆ ದೇವರು ದಿಂಡರಿಗಿಂತ ಹೆಚ್ಚಿನ ಎರಡು ನೇಮಗಳಿದ್ದವು. ಒಂದು, ಏನಾದರೂ ಎಡವಟ್ಟಾದರೆ ಮೊದಲು ಗೇಜು ನೋಡು, ಆಮೇಲೆ ಮನುಷ್ಯನನ್ನು ಬೈ. ಎರಡು, ಎಲ್ಲಿಂದ ಎತ್ತಿದೆಯೋ ಅಲ್ಲೇ ಇಡು. ನಡುಕೋಣೆಯ ಗೋಡೆಯ ಮೇಲೆ ಒಂದು ಹಲಗೆ ಹೊಡೆದು, ಸ್ಕ್ರೂಡ್ರೈವರ್, ಇಕ್ಕಳ, ಪಾನಾ ಎಲ್ಲದರ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದ. ಸಾಮಾನು ಅದರದರ ನೆರಳಿನೊಳಗೇ ಹೋಗಿ ಕೂಡಬೇಕು. ಕತ್ತರಿ ಎತ್ತಿ ಬೇರೆ ಕಡೆ ಇಟ್ಟದ್ದಕ್ಕೆ ಪೂರ್ವಿಯೂ ಅವಳ ತಮ್ಮ ಗಗನನೂ ತಿಂದ ಏಟಿಗೆ ಲೆಕ್ಕವಿಲ್ಲ.

ಗಗನ ವಿಮಾನ ಹಾರಿಸುವುದನ್ನು ಕಲಿಯಲು ಸೇರಿದ್ದ. ಕಲಿಯುವಾಗಲೇ ಹೋದ. ಒಬ್ಬನೇ ಹಾರಿಸುತ್ತಿದ್ದ ಪುಟ್ಟ ವಿಮಾನ ನೆಲ ಬಿಟ್ಟು ತುಸುವೇ ಮೇಲೇರಿದ್ದಾಗ ಇಂಜಿನ್ ನಿಂತಿತು. ಹುಡುಗ ವಿಮಾನವನ್ನು ತಿರುಗಿಸಿ ಹೊರಟ ರನ್‌ವೇಗೇ ಮರಳಿ ತರಲು ಹೋದ. ಅರ್ಧ ತಿರುವಿನಲ್ಲಿ ಬಿತ್ತು. ತರಬೇತಿ ಶಾಲೆಯ ಹಿರಿಯರೊಬ್ಬರು ಮನೆಗೆ ಬಂದು, ಕೊಟ್ಟ ನೀರನ್ನೂ ಕುಡಿಯದೆ ಹೇಳಿ ಹೋಗಿದ್ದರು: ಅಷ್ಟು ಕೆಳಗಿದ್ದಾಗ ತಿರುಗಬಾರದಿತ್ತು, ಎದುರಿಗಿದ್ದ ಹತ್ತಿ ಹೊಲದಲ್ಲಿ ನೇರವಾಗಿ ಇಳಿಸಬೇಕಿತ್ತು, ಮೊದಲ ಪಾಠದಲ್ಲೇ ಇದನ್ನು ಹೇಳಿಕೊಟ್ಟಿರುತ್ತೇವೆ.

"ತಿರಗಬಹುದಿತ್ತು," ಎಂದಿದ್ದ ರಾಮದಾಸ. "ನನ್ನ ಮಗಗ ತಿರಗಾಕ ಬರತಿತ್ತು. ನಾನ ನೋಡೀನಿ."

ನೋಡಿದ್ದು ನಿಜ. ಗಗನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ವಿಮಾನದ ಆಟವೊಂದನ್ನು ಆಡುತ್ತಿದ್ದ. ಹಿಂದೆ ಕುರ್ಚಿ ಹಾಕಿಕೊಂಡು ರಾಮದಾಸ ಕೂಡುತ್ತಿದ್ದ. ಬೇಕಂತಲೇ ಇಂಜಿನ್ ಆರಿಸಿ, "ಈಗ ತಾ ನೋಡೋಣ ಮನಿಗೆ!" ಎನ್ನುತ್ತಿದ್ದ. ಆ ಆಟದ ಗಾಳಿಗೆ ತೂಕವಿರಲಿಲ್ಲ. ರೆಕ್ಕೆಯನ್ನು ಹೇಗೆ ವಾಲಿಸಿದರೂ ವಿಮಾನ ಗಾಳಿಪಟದಂತೆ ತೇಲಿ ಬಂದು ರನ್‌ವೇ ಮೇಲೆ ಕೂಡುತ್ತಿತ್ತು. ಅಪ್ಪ ಚಪ್ಪಾಳೆ ತಟ್ಟುತ್ತಿದ್ದ. "ಶಾಬಾಸ್! ಎತ್ತಿದ ಜಾಗಕ್ಕ ಇಟ್ಟಿ ನೋಡು!"

ಶಾಲೆ ಕಲಿಸಿದ್ದು ಗಗನನ ತಲೆಯಲ್ಲಿತ್ತು. ಅಪ್ಪ ಕಲಿಸಿದ್ದು ಕೈಯಲ್ಲಿತ್ತು. ಇದನ್ನು ಪೂರ್ವಿ ಯಾರಿಗೂ ಹೇಳಿರಲಿಲ್ಲ.

ಗಗನ ಹೋಗಿ ತಿಂಗಳುಗಳಾದ ಮೇಲೆ ರಾಮದಾಸ ಹೊಸ ಆಟ ತಂದ. ಉಪಗ್ರಹದ ಚಿತ್ರಗಳನ್ನು ಹೊಲಿದು ಇಡೀ ಭೂಮಿಯನ್ನೇ ಕಟ್ಟಿದ ಆಟ. ಗಗನ ಏರಿದ ರನ್‌ವೇ, ಅದರ ತುದಿಯ ನೀರಿನ ಟಾಕಿ, ಆಚೆಯ ಹತ್ತಿ ಹೊಲ ಎಲ್ಲವೂ ಅದರೊಳಗಿದ್ದವು. ಗಾಳಿಯೂ ಗಾಳಿಯಂತೆಯೇ ಇತ್ತು. ಆದರೆ ಹಳೆಯ ಯಂತ್ರಕ್ಕೆ ಅದು ನುಂಗಲಾರದ ತುತ್ತು. ವಿಮಾನ ಏರುತ್ತಿತ್ತು, ರಾಮದಾಸ ಇಂಜಿನ್ ಆರಿಸುತ್ತಿದ್ದ, ರೆಕ್ಕೆ ವಾಲುತ್ತಿತ್ತು, ಅಷ್ಟಕ್ಕೆ ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಚಲಿಸುವಾಗ ಎಲ್ಲ ಮುಗಿದು ಪರದೆ ಕಪ್ಪಾಗಿರುತ್ತಿತ್ತು.

"ನೋಡಿದಿ? ಮಷೀನ ತಡಾ ಮಾಡತೈತಿ," ಎನ್ನುತ್ತಿದ್ದ. "ತಿರುವಿಂದ ತಪ್ಪಲ್ಲ."

ಮೊದಲು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದ. ಅದಕ್ಕೆ ಸಾಲುವಷ್ಟು ಕರೆಂಟು ಕೊಡಲಾಗದೆ ಹಳೆಯ ಪವರ್ ಸಪ್ಲೈ ಪುಸುಕ್ಕೆಂದು ಆರಿಹೋಗುತ್ತಿತ್ತು. ಅದನ್ನೂ ಬದಲಿಸಿದ. ಚಿತ್ರ ಚೆಂದವಾಯಿತು, ನಿಲ್ಲುವುದು ನಿಲ್ಲಲಿಲ್ಲ. ಆಗ ಒಂದು ಶನಿವಾರ ಅಪ್ಪ ಮಗಳು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ಟಿಗೆ ಹೋದರು. ಅಲ್ಲಿ ರಾಯಚೂರಿನ ಹುಸೇನಪ್ಪನ ಅಂಗಡಿ. ಗಗನನ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಮುದುಕನೊಬ್ಬ ವಿಮಾನದ ಹುಚ್ಚಿಗೆ ಬಿದ್ದಿದ್ದಾನೆ ಎಂದಷ್ಟೇ ಅವನ ತಿಳಿವಳಿಕೆ.

"ಬರ್ರಿ ಕ್ಯಾಪ್ಟನ್ ಸಾಬ್!" ಎಂದ ಹುಸೇನಪ್ಪ. "ಇನ್ನೂ ಹಾರವಲ್ದೇನ್ರಿ?"

"ನಡುವ ನಿಂದರತೈತಿ."

"ನಿಂದರದ ಏನ್ ಮಾಡತೈತ್ರಿ? ಕಾರ್ಡ್ ಬರೇ ಚಿತ್ರ ಬರೀತೈತಿ. ಗಾಳಿ ಎಷ್ಟು, ರೆಕ್ಕಿ ಮ್ಯಾಲ ಭಾರ ಎಷ್ಟು, ಆ ಲೆಕ್ಕ ಎಲ್ಲಾ ಪ್ರೊಸೆಸರಿಂದು. ನಿಮ್ಮದು ಮುದುಕ ಆಗೇತಿ ಪಾಪ. ಅದು ಲೆಕ್ಕಾ ಹಾಕೂತನಕ ನಿಮ್ಮ ದೊಡ್ಡ ಕಾರ್ಡು ಬೀಡಿ ಸೇದ್ಕೊಂತ ಕುಂತಿರತೈತಿ."

"ಹಂಗಾರ ಪ್ರೊಸೆಸರ್ ಕೊಡು."

"ಅದೊಂದ ಕೊಟ್ರ ಹ್ಯಾಂಗ್ರಿ? ಅದಕ್ಕ ಹೊಸಾ ಬೋರ್ಡ್ ಬೇಕು, ಬೋರ್ಡಿಗೆ ಹೊಸಾ ರ‍್ಯಾಮ್ ಬೇಕು. ಸೊಸಿ ತಂದ್ರ ಬೀಗರೂ ಬರ್ತಾರಲ್ರಿ, ಹಂಗ."

ಪೂರ್ವಿ ಮೆಲ್ಲಗೆ, "ಅಪ್ಪಾ, ನಡುತರದ್ದು ತಗೊಳ್ಳೂಣ್ರಿ. ಇಷ್ಟು ದೊಡ್ಡದು ಯಾಕ?" ಎಂದಳು.

ರಾಮದಾಸ ಅವಳತ್ತ ತಿರುಗಲೂ ಇಲ್ಲ. "ಸಾಕ್ಷಿ ಹೇಳೂ ಗೇಜ ಐತಿ ಇದು. ನಡುತರದ್ದು ಅಲ್ಲ." ಹುಸೇನಪ್ಪ ಬೋರ್ಡ್ ತರಲು ಗೋದಾಮಿಗೆ ಆಳನ್ನು ಕಳಿಸಿದ. ರಾಮದಾಸ ಚಹಾಕ್ಕೆಂದು ಕೆಳಗಿಳಿದು ಹೋದ.

ಅಂಗಡಿಯ ಮುಂಗಟ್ಟಿನಲ್ಲಿ ತೋರಿಕೆಗೆಂದು ಇಟ್ಟಿದ್ದ ಯಂತ್ರವೊಂದು ಬಣ್ಣಬಣ್ಣದ ದೀಪ ಬೀರುತ್ತಿತ್ತು. ಅಪ್ಪ ಆರಿಸಿದ ಭಾಗಗಳೇ ಅದರಲ್ಲಿದ್ದವು, ಅದೇ ಆಟವೂ ಇತ್ತು. "ಓಡಿಸಿ ನೋಡ ತಂಗೀ," ಎಂದ ಹುಸೇನಪ್ಪ. ಪೂರ್ವಿಯ ಎದೆ ಬೇಡ ಎಂದಿತು. ಕೈ ಮಾತ್ರ ಆ ರನ್‌ವೇಯನ್ನು ಹುಡುಕಿತು.

ವಿಮಾನ ಬೆಣ್ಣೆಯಿಂದ ಕೂದಲೆಳೆದಂತೆ ಎದ್ದಿತು. ಇಂಜಿನ್ ಆರಿಸಿದಳು. ತಿರುಗಿಸಿದಳು. ಎಲ್ಲೂ ನಿಲ್ಲದೆ, ಒಂದು ಕ್ಷಣವನ್ನೂ ಬಚ್ಚಿಡದೆ ಯಂತ್ರ ಎಲ್ಲವನ್ನೂ ತೋರಿಸಿತು. ತಿರುವಿನ ಒಳಬದಿಯ ರೆಕ್ಕೆ ಸೋತು ಕುಸಿದದ್ದು, ಮೂತಿ ನೆಲಕ್ಕೆ ತಿರುಗಿದ್ದು, ನೀರಿನ ಟಾಕಿ ಒಂದು ಸುತ್ತು ಹಾಕಿದ್ದು. ಮತ್ತೆ ಮಾಡಿದಳು. ಬೇಗ ತಿರುಗಿಸಿದಳು, ನಿಧಾನ ತಿರುಗಿಸಿದಳು, ಎಡಕ್ಕೆ, ಬಲಕ್ಕೆ. ಪ್ರತಿ ಸಲವೂ ಅದೇ ಟಾಕಿ, ಅದೇ ನೆಲ. ಕೊನೆಗೊಮ್ಮೆ ತಿರುಗಿಸದೆ ಮೂತಿ ತಗ್ಗಿಸಿ ನೇರ ಬಿಟ್ಟಳು. ವಿಮಾನ ಹತ್ತಿ ಹೊಲದೊಳಗೆ ದಡದಡನೆ ಕುಪ್ಪಳಿಸಿ ನಿಂತಿತು.

"ವಾಹ್! ಪೈಲಟ್ ಆಗಬೇಕಿತ್ತು ನೀ!" ಎಂದ ಹುಸೇನಪ್ಪ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಹೊಸ ಕಂಪ್ಯೂಟರ್ ಹಳೆಯದಕ್ಕಿಂತ ಮಂದವಾಗಿದೆ ಎಂದು ತೆಲುಗಿನಲ್ಲಿ ಜಗಳ ತೆಗೆದ. ಹುಸೇನಪ್ಪ ಅವನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಪರದೆಯ ವೈರನ್ನು ಒಂದು ಕಿಂಡಿಯಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿ ಕಳಿಸಿಕೊಟ್ಟ. "ನೋಡಿದೇನ ತಂಗೀ? ವಾಯರ್ ಕಾರ್ಡಿಗೆ ಹಚ್ಚಬೇಕು, ಇಂವಾ ಬೋರ್ಡಿಗೆ ಹಚ್ಚ್ಯಾನ. ಹಂಗಾದ್ರ ಕಾರ್ಡ್ ಇದ್ದೂ ಇಲ್ಲದಂಗ. ಮನಿಯಾಗ ಕುದುರಿ ಕಟ್ಟಿ, ಕತ್ತೆ ಮ್ಯಾಲ ಮದುವಿಗೆ ಹೊಂಟಂಗ!"

ಪೂರ್ವಿ ನಗಲಿಲ್ಲ. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಮನೆಗೆ ತಂದಳು.

ಮರುದಿನ ಅಪ್ಪ ಮಗಳು ಕೂತು ಯಂತ್ರ ಜೋಡಿಸಿದರು. ಪ್ರೊಸೆಸರನ್ನು ಪೂರ್ವಿ ಕೂಡಿಸಿದಳು, ತಿರುಪುಗಳನ್ನು ರಾಮದಾಸ ಬಿಗಿದ. ಬಿಗಿದ ಕೂಡಲೇ ಎದ್ದು ಹೋಗಿ ಸ್ಕ್ರೂಡ್ರೈವರನ್ನು ಹಲಗೆಯ ಮೇಲಿನ ಅದರ ನೆರಳಿಗೆ ತಗುಲಿಸಿದ. ಅವನ ಬೆನ್ನು ಆಚೆಗಿದ್ದ ಆ ಒಂದು ಗಳಿಗೆಯಲ್ಲಿ ಪೂರ್ವಿ ಪರದೆಯ ವೈರನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿಬಿಟ್ಟಳು.

ವಿಮಾನ ಏರಿತು. ರೆಕ್ಕೆ ವಾಲಿತು. ಚಿತ್ರ ನಿಂತಿತು.

ಸದ್ದು ಅಡಗಿದ್ದೇ ತಡ, ಮಂಚದ ಮೇಲಿದ್ದ ಯಮುನಾಬಾಯಿ ಎಂದಿನಂತೆ ಕೇಳಿದಳು, "ಹುಡುಗ ಇಳದನೇನ?" ವಯಸ್ಸು ಅವಳ ನೆನಪನ್ನು ಇಲಿ ಕಡಿದ ಬಟ್ಟೆಯಂತೆ ಮಾಡಿತ್ತು. ಮೊಮ್ಮಗ ಇನ್ನೂ ಮೇಲೆಯೇ ಇದ್ದಾನೆ ಎಂದು ಅವಳ ನಂಬಿಕೆ.

"ಇನ್ನೂ ಇಲ್ಲಬೇ," ಎಂದು ರಾಮದಾಸ ಮತ್ತೆ ವಿಮಾನ ಏರಿಸಿದ.

ಅಡುಗೆಮನೆಯಲ್ಲಿ ಮಿಕ್ಸರ್ ಗುರ್ ಎಂದಿತು. ವಿಮಾನದ ಸದ್ದು ಬಂದಾಗಲೆಲ್ಲ ಪೂರ್ವಿಯ ಅವ್ವ ವೇದವತಿ ಮಿಕ್ಸರ್ ಹಚ್ಚುತ್ತಾಳೆ, ರುಬ್ಬಲು ಏನೂ ಇಲ್ಲದಿದ್ದರೂ. ಪೂರ್ವಿ ಒಳಗೆ ಹೋದಾಗ ಅವ್ವ ಖಾಲಿ ಜಾರನ್ನೇ ನೋಡುತ್ತ ನಿಂತಿದ್ದಳು.

"ಸರಿ ಆತೇನ ಅದು?"

"ಇಲ್ಲವ್ವಾ."

"ಆಗೂದೂ ಬ್ಯಾಡ," ಎಂದಳು ವೇದವತಿ. "ಅದು ಕೆಟ್ಟಿರೂತನಕ ಅವರು ಕುಂತಿರ್ತಾರ. ಸರಿ ಆತಂದ್ರ ಏನ ಮಾಡ್ತಾರ, ಹೇಳು?"

ಆಮೇಲಿನ ವಾರಗಳು ಒಂದು ಬಗೆಯಲ್ಲಿ ನೆಮ್ಮದಿಯವೇ. ರಾಮದಾಸ ದಿನಕ್ಕೊಂದು ಭಾಗವನ್ನು ಅನುಮಾನಿಸಿದ. ರ‍್ಯಾಮ್ ಬಿಚ್ಚಿ ಒರೆಸಿದ, ಫ್ಯಾನಿನ ಗಾಳಿಗೆ ಕೈ ಹಿಡಿದ, ಪ್ರೊಸೆಸರಿನ ಬಿಸಿ ನೋಡಿದ. ಊಟ ಮಾಡುತ್ತಿದ್ದ, ಒಮ್ಮೊಮ್ಮೆ ಅಂಗಡಿಯವನನ್ನು ಬೈದು ನಗುತ್ತಲೂ ಇದ್ದ. ಹೀಗೇ ಆರು ಕೋಣೆಗಳಲ್ಲಿ ಸುತ್ತಾಡುತ್ತ ಅಪ್ಪನ ಆಯುಷ್ಯ ಕಳೆದುಹೋದರೆ ಸಾಕು ಎಂದು ಪೂರ್ವಿ ಬೇಡಿಕೊಂಡಳು.

ಆದರೆ ಗೇಜು ಬಿಚ್ಚಿ ಬದುಕಿದ ಕೈ ಅದು. ಒಂದು ಸಂಜೆ ಪೂರ್ವಿ ನಾಚಾರಂನಿಂದ ಬಂದಾಗ ಪೆಟ್ಟಿಗೆ ಗೋಡೆ ಬಿಟ್ಟು ಕೋಣೆಯ ನಡುವೆ ಬಂದಿತ್ತು. ಅದರ ಹಿಂದೆ ರಾಮದಾಸ ನೆಲಕ್ಕೆ ಕೂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್, ಕಾಲ ಬಳಿ ಟಾರ್ಚು.

"ಬಾ ಮಗಳ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆದರಿಸಿತು. "ಕಾರ್ಖಾನ್ಯಾಗ ಏನ ಕೆಟ್ರೂ ನಾವು ವಾಯರ್ ಹಿಡಕೊಂಡು ತುದಿತನಕ ಹೋಗತಿದ್ವಿ. ಇವತ್ತ ಹೋದೆ."

ಪೂರ್ವಿ ಬಾಗಿಲಲ್ಲೇ ನಿಂತಳು.

"ದಿನಾ ಇದರ ಮ್ಯಾಲ ಕೆಲಸಾ ಮಾಡಾಕಿ ನೀ. ನಿನ್ನ ಕೈ ತಪ್ಪೂದಿಲ್ಲ." ಅವನು ವೈರನ್ನು ಬೆರಳಿಂದ ಸವರಿದ. "ಬೇಕಂತ ಹಚ್ಚೀದಿ. ಹೌದಿಲ್ಲೊ?"

"ಹೌದ್ರಿ."

"ಹಂಗಾರ ನೀ ನೋಡೀದಿ."

ಅವಳು ಬಂದು ಅಪ್ಪನ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ ಅಪ್ಪಾ. ಕೈ ಮುಗೀತೀನಿ. ಕೆಟ್ಟೇ ಇರಲಿ."

"ಆ ಹಳೇ ಆಟದ ಕೆಟ್ಟ ಗೇಜ್ ನಂಬಿ ಹುಡುಗನ್ನ ಮ್ಯಾಲೆ ಕಳಿಸಿದ್ನೇನ ನಾ, ಅದು ಗೊತ್ತಾಗಬೇಕಲ್ಲ?" ಎಂದ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ವೈರನ್ನು ಕಿತ್ತು, ಕಾರ್ಡಿನ ಕಿಂಡಿಗೆ ಸಿಕ್ಕಿಸಿದ.

ಪರದೆಯ ಮೇಲೆ ಬೆಳಗಾಯಿತು. ಹುಲ್ಲಿನ ಒಂದೊಂದು ಎಸಳೂ ಕಾಣುವಂಥ ಬೆಳಗು. ಅವನು ಏರಿದ, ಇಂಜಿನ್ ಆರಿಸಿದ, ತಿರುಗಿದ. ಈ ಸಲ ಚಿತ್ರ ನಿಲ್ಲಲಿಲ್ಲ. ಬಿದ್ದ. ಮತ್ತೆ ಏರಿದ, ಮತ್ತೆ ತಿರುಗಿದ, ಮತ್ತೆ ಬಿದ್ದ. ಅಡುಗೆಮನೆಯಲ್ಲಿ ಮಿಕ್ಸರ್ ಶುರುವಾಯಿತು, ಕಾಯ್ದ ವಾಸನೆ ಬರುವ ತನಕ ಓಡಿತು, ನಿಂತಿತು. ವೇದವತಿ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಅವನು ಬೀಳುತ್ತಲೇ ಇದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಒಮ್ಮೆ ಮಾತ್ರ ತುಟಿ ಅಲುಗಿತು: "ತಿರಗಬ್ಯಾಡೋ, ತಿರಗಬ್ಯಾಡ." ಆದರೆ ಕೈ ತಿರುಗಿಸುತ್ತಲೇ ಇತ್ತು. ಅದಕ್ಕೆ ಗೊತ್ತಿದ್ದದ್ದು ಅದೊಂದೇ.

ಕೊನೆಗೆ ಅವನು ಎಡಗೈಯಿಂದ ತನ್ನ ಬಲಗೈಯನ್ನು ಗಟ್ಟಿಯಾಗಿ ಅದುಮಿ ಹಿಡಿದ. ವಿಮಾನ ತಿರುಗಲಿಲ್ಲ. ಮೂತಿ ತಗ್ಗಿಸಿ ನೇರ ಹೋಯಿತು, ಹತ್ತಿ ಗಿಡಗಳನ್ನು ಸೀಳಿ, ಕುಲುಕಿ, ವಾಲಿ, ನಿಂತಿತು. ಮುರಿಯದ ಗಾಜಿನಾಚೆ ಬಿಳಿ ಹತ್ತಿ ಗಾಳಿಗೆ ಅಲುಗುತ್ತಿತ್ತು.

"ಈ ಗೇಜ್ ಸರಿ ಐತಿ," ಎಂದ ರಾಮದಾಸ.

ಎದ್ದ. ತೊಡೆಯ ಮೇಲಿದ್ದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿದ್ದು ಉರುಳಿತು. ಅವನು ಅದನ್ನು ನೋಡಿದ, ದಾಟಿದ, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದ. ವೇದವತಿ, "ರೀ... ಅಲ್ರೀ," ಎನ್ನುತ್ತ ಹಿಂದೆ ಓಡಿದಳು.

ಪೂರ್ವಿ ಸ್ಕ್ರೂಡ್ರೈವರ್ ಎತ್ತಿಕೊಂಡು ಹಲಗೆಯ ತನಕ ಹೋದಳು. ಬಿಳಿ ಬಣ್ಣದ ಖಾಲಿ ಆಕಾರ ಅದಕ್ಕಾಗಿ ಕಾದಿತ್ತು. ಅವಳಿಗೆ ಇಡಲು ಆಗಲಿಲ್ಲ.

"ಸದ್ದ ನಿಂತತಲ್ಲ," ಮಂಚದಿಂದ ಅಜ್ಜಿ ಕೇಳಿದಳು. "ಹುಡುಗ ಇಳದನೇನ?"

"ಇಳದಾನಜ್ಜಿ."

"ಎಲ್ಲಿ?"

"ಹೊಲದಾಗ."

"ಹೊಲದಾಗರ ಇಳೀಲಿ, ನಮ್ಮಪ್ಪ," ಎಂದು ಯಮುನಾಬಾಯಿ ಗೋಡೆಯ ಕಡೆ ಮಗ್ಗಲು ಬದಲಿಸಿದಳು. "ಇಳದನಲ್ಲ, ಸಾಕು."