ಚಟ್ಟ ಇಳಿಸಿದ ಜಾಗ

"ಒಳಗೆ ತರಬೇಡ ಅಂದೆ ಅಲ್ದಾ!" ಎನ್ನುತ್ತ ತನುಜಾ ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತುಬಿಟ್ಟಳು.

ದುರ್ಗೇಶ್ ಮತ್ತು ಅವನ ಜೊತೆಯವನು ಹೊತ್ತು ತಂದ ಉದ್ದನೆಯ ಪೆಟ್ಟಿಗೆ ಅರ್ಧ ಮೆಟ್ಟಿಲ ಮೇಲೆ, ಅರ್ಧ ಅವರ ಕೈಯಲ್ಲಿ ಉಳಿಯಿತು. ಹೆಣ ಕೆಡದಂತೆ ಇಡುವ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಅದು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ಪೂರ್ಣೇಶ್ ಹೋಮ್ ಅಪ್ಲಯನ್ಸಸ್, ಸಾಗರ, ಹೊಸನಗರ, ತೀರ್ಥಹಳ್ಳಿ. ಉಚಿತ ಸೇವೆ' ಎಂದು ಬರೆದಿತ್ತು. ದುರ್ಗೇಶನ ಟೀ ಶರ್ಟಿನ ಬೆನ್ನ ಮೇಲೂ ಅದೇ ಹೆಸರು. ಅವನು ಆ ಅಂಗಡಿಯ ಡೆಲಿವರಿ ಗಾಡಿ ಓಡಿಸುತ್ತಿದ್ದ.

"ಹುಂಚದ ಅತ್ತೆ ಬರೋ ತನಕ ಇಡಾಣ ಅಂತ ಅಷ್ಟೇ ತನುಜಾ. ಸೆಕೆ ಬೇರೆ. ಓನರ್ರೇ ಕಳ್ಸಿದ್ದು, ದುಡ್ಡು ಬೇಡ ಅಂದಾರೆ."

"ಬದುಕಿದ್ದಾಗ ಅವ್ರ ಅಂಗಡಿ ಫ್ರಿಜ್ಜಿಂದ ಕೈ ಸುಟ್ಕೊಂಡಿದಾಳೆ. ಸತ್ತ ಮೇಲೂ ಅವ್ರ ಪೆಟ್ಟಿಗೇಲೇ ಮಲಗ್ಬೇಕಾ ನಮ್ಮವ್ವ? ತಗಂಡು ಹೋಗು."

ಜಗಲಿಯಲ್ಲಿ ಕೂತಿದ್ದ ನಿಂಗಪ್ಪ ಎಲೆ ಅಡಿಕೆ ಉಗಿದು ಬಂದರು. ಅವರು ತನುಜಾಳ ದೊಡ್ಡಪ್ಪ. ಇವತ್ತಿನ ಶಾಸ್ತ್ರಗಳಿಗೆಲ್ಲ ಅವರೇ ಹಿರಿಯರು. "ಬೇಡ ಅಂದ್ರೆ ಬಿಡು ಮಾರಾಯ. ಹುಂಚದ ಬಸ್ ಬರೋದ್ರೊಳಗೆ ಅವ್ಳೇನೂ ಕೆಡಲ್ಲ. ಬದುಕಿದ್ದಾಗ್ಲೇ ಕೆಡ್ಲಿಲ್ಲ" ಎಂದರು.

ಒಳಗೆ ಚಾಪೆಯ ಮೇಲೆ ಕೆರಿಯಮ್ಮ ಮಲಗಿದ್ದಳು. ಹಿಂದಿನ ದಿನ ಸಂಜೆ ಹೊಸನಗರದ ಬಸ್ಸಿಳಿದು ಬಂದು, ಎಂದಿನಂತೆ ಅಕ್ಕಿ ಉದ್ದು ರುಬ್ಬಿ ದೊಡ್ಡ ಪಾತ್ರೆಗೆ ತುಂಬಿಸಿ, ಎದೆ ಯಾಕೋ ಹಿಡಿದ ಹಾಗಿದೆ ಎಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಗಂಡ ತೀರಿಕೊಂಡ ಮೇಲೆ ದೋಸೆಹಿಟ್ಟು ಮಾರಿಯೇ ಮಗಳನ್ನು ಓದಿಸಿದ್ದಳು, ತಾಯಿಯಿಲ್ಲದ ಅಣ್ಣನ ಮಗ ದುರ್ಗೇಶನನ್ನೂ ಸಾಕಿದ್ದಳು. ಸಾಗರದ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿದ್ದದ್ದೇ ಅವಳ ಹಿಟ್ಟಿನಿಂದ. ಎದೆಯ ಮೇಲೆ ಜೋಡಿಸಿದ್ದ ಕೈಗಳಲ್ಲಿ ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಅಡುಗೆಮನೆಯ ಗೋಡೆಯಲ್ಲಿ ಆಳೆತ್ತರದ ಕಪ್ಪು ಕಲೆ ಹಾಗೇ ಇತ್ತು; ಅದಕ್ಕೆ ಸುಣ್ಣ ಹೊಡೆಯಲು ಅವಳು ಯಾರನ್ನೂ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ವಿನಯಾ ಅಡುಗೆಮನೆಯಿಂದ ತಲೆ ಹಾಕಿದಳು. "ತನುಜಾ, ಹಿಟ್ಟು ಉಕ್ಕಿ ಚೆಲ್ತಾ ಇದೆ ಕಣೇ. ಏನ್ ಮಾಡಣ?"

"ಇರ್ಲಿ, ಚೆಲ್ಬೇಡ. ಸಣ್ಣ ಪಾತ್ರೆಗೆ ಒಂದಿಷ್ಟು ತೆಗ್ದಿಡು" ಎಂದಳು ತನುಜಾ.

ದುರ್ಗೇಶ್ ಪೆಟ್ಟಿಗೆಯನ್ನು ವಾಪಸು ಗಾಡಿಗೆ ಏರಿಸಿದ. ಆಮೇಲೆ ಒಳಗೆ ಬರುವ ಧೈರ್ಯವಾಗದೆ ಅಂಗಳದಲ್ಲೇ ಬಿದಿರು ಸೀಳುತ್ತಿದ್ದವರ ಜೊತೆ ಕೂತುಕೊಂಡ. ಆ ಮನೆಯ ಹೊಸಿಲು ದಾಟಿ ಅವನಿಗೆ ಒಂದು ವರ್ಷದ ಮೇಲಾಗಿತ್ತು.

*

ಎರಡು ಮಳೆಗಾಲದ ಹಿಂದೆ ಒಂದು ಬೆಳಗಿನ ಜಾವ ಕೆರಿಯಮ್ಮನ ಫ್ರಿಜ್ಜಿನ ಹಿಂಭಾಗ ಚಟಚಟ ಎಂದಿತು. ಎದ್ದು ನೋಡಿದರೆ ಪರದೆಗೆ ಬೆಂಕಿ. ಅವಳು ಮೊದಲು ಮೇನ್ ಸ್ವಿಚ್ ಆರಿಸಿದಳು. ನಲ್ಲಿಯಲ್ಲಿ ನೀರಿರಲಿಲ್ಲ. ಎದುರಿಗಿದ್ದದ್ದು ಒಂದು ಕೊಳಗ ದೋಸೆಹಿಟ್ಟು, ಅದನ್ನೇ ಎತ್ತಿ ಸುರಿದಳು. ಬೆಂಕಿ ಆರಿತು, ಕೈ ಬೆಂದಿತು. ಊರಿಗೆ ಮಾತ್ರ ನಗಲು ಒಂದು ವಿಷಯ ಸಿಕ್ಕಿತು. 'ಫ್ರಿಜ್ಜಿನ ಮೇಲೆ ದೋಸೆ ಹೊಯ್ದ ಕೆರಿಯಮ್ಮ' ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿಕೊಂಡರು. ಅವಳೂ ನಕ್ಕಳು.

ಆಸ್ಪತ್ರೆಯಲ್ಲಿ ಕೂತು ತನುಜಾ ಫೋನಿನಲ್ಲಿ ಹುಡುಕಿದಾಗ ನಗು ನಿಂತಿತು. ಫ್ರಾಸ್ಟಿನಾ ಕಂಪನಿಯ ಆ ಎರಡು ಬಾಗಿಲಿನ ಫ್ರಿಜ್ಜಿನ ಹಿಂದಿನ ವಯರು ಕಾದು ಹೊತ್ತಿಕೊಳ್ಳುತ್ತದೆ ಎಂದು ಕಂಪನಿಯೇ ಆರು ತಿಂಗಳ ಹಿಂದೆ ಒಪ್ಪಿಕೊಂಡಿತ್ತು. ಕೊಂಡವರೆಲ್ಲ ವಾಪಸು ಕೊಟ್ಟು ಹೊಸದು ಪಡೆಯಬೇಕು, ಅಂಗಡಿಯವರು ಬಾಗಿಲಿಗೆ ನೋಟೀಸ್ ಹಚ್ಚಬೇಕು ಎಂದೂ ಹೇಳಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪೂರ್ಣೇಶನ ಮೂರು ಅಂಗಡಿಗಳಲ್ಲಿ ಒಂದರ ಬಾಗಿಲಿಗೂ ಆ ಕಾಗದ ಬಿದ್ದಿರಲಿಲ್ಲ.

ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಕೆರಿಯಮ್ಮ ಅಂಗಡಿಗೆ ಹೋದಳು. ಪೂರ್ಣೇಶ್ ಕುರ್ಚಿ ಹಾಕಿಸಿದ, ಜ್ಯೂಸ್ ತರಿಸಿದ, ಅಲ್ಲೇ ಒಂದು ಹೊಸ ಫ್ರಿಜ್ಜನ್ನು ಗಾಡಿಗೆ ಏರಿಸಲು ಹೇಳಿದ. ಒಳ್ಳೆಯವನೇ, ತನಗೆ ಖರ್ಚಿಲ್ಲದಷ್ಟು ಹೊತ್ತು.

"ನಂಗಾಯ್ತು. ಉಳಿದವ್ರಿಗೆ?" ಎಂದಳು ಕೆರಿಯಮ್ಮ.

"ಕೇಳ್ಕಂಡು ಬಂದವ್ರಿಗೆ ಕೊಡ್ತೀವಲ್ಲ ಕೆರಿಯಮ್ಮ."

"ಗೊತ್ತಿದ್ರಲ್ವಾ ಕೇಳೋದು? ಬಾಗ್ಲಿಗೆ ಕಾಗ್ದ ಅಂಟ್ಸು."

"ಹಬ್ಬದ ಸೇಲ್ ಇಟ್ಕೊಂಡಿದೀನಿ. ಲಕ್ಷ್ಮಿ ಬರೋ ಬಾಗ್ಲಿಗೆ ಸೂತಕದ ಚೀಟಿ ಅಂಟ್ಸದಾ? ಒಂದು ಫ್ರಿಜ್ಜಿನ ಮೇಲೆ ಅನುಮಾನ ಬಂದ್ರೆ ಉಳಿದ ಯಾವ್ದೂ ಹೋಗಲ್ಲ."

"ಹಾಗಾರೆ ಇದೂ ಬೇಡ ನಂಗೆ."

ಅವಳು ನಿಜವಾಗಿಯೂ ತರಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಫ್ರಿಜ್ಜೇ ಇಲ್ಲ. ದಿನದ ಹಿಟ್ಟನ್ನು ದಿನವೇ ಮಾರಿ ಮುಗಿಸಬೇಕಿತ್ತು, ಉಳಿದದ್ದು ಹುಳಿಯಾಗಿ ನಷ್ಟ. ಆದರೂ ಹಿಟ್ಟಿನ ಜೊತೆಗೆ ಮನೆಮನೆಗೆ ಒಂದು ಪ್ರಶ್ನೆಯನ್ನೂ ಹೊತ್ತುಕೊಂಡು ಹೋದಳು: "ನಿಮ್ಮನೆ ಫ್ರಿಜ್ ಯಾವ್ದು? ಹಿಂದೆ ಹೆಸ್ರು ನೋಡ್ಲಾ?" ಭಾನುವಾರ ಬಂದರೆ ಹೊಸನಗರದ ಬಸ್ಸು ಹತ್ತುವಳು, ಇಲ್ಲವೇ ತೀರ್ಥಹಳ್ಳಿಯದು. ಗುರುತಿಲ್ಲದ ಓಣಿಗಳಲ್ಲಿ ಬಾಗಿಲು ತಟ್ಟುವಳು. ಕೆಲವರು ನೀರು ಕೊಟ್ಟರು. ಹೆಚ್ಚಿನವರು ನಾಯಿ ಬಿಚ್ಚುತ್ತೇವೆ ಎಂದರು.

ಎಲ್ಲ ಮನೆಗಳೂ ಗೊತ್ತಿದ್ದವನು ಒಬ್ಬನೇ, ಪ್ರತಿ ಫ್ರಿಜ್ಜನ್ನೂ ಇಳಿಸಿ ಬಂದ ದುರ್ಗೇಶ್. ಆ ಕೆಲಸವನ್ನು ಪೂರ್ಣೇಶನ ಹತ್ತಿರ ಕೇಳಿ ಕೊಡಿಸಿದವಳೂ ಕೆರಿಯಮ್ಮನೇ. ಒಂದು ದಿನ ಅವನಿಗೆ ಎರಡನೇ ದೋಸೆ ಹಾಕುತ್ತಾ, "ಯಾವ್ಯಾವ ಮನೆ ಅಂತ ಹೇಳೋ, ನಾನು ಅಲೆಯೋದಾದ್ರೂ ತಪ್ಪುತ್ತೆ" ಎಂದಳು.

"ಅತ್ತೆ, ಕೆಲ್ಸ ಹೋಗ್ತದೆ" ಎಂದ ಅವನು.

ಅವಳು ಮತ್ತೆ ಕೇಳಲಿಲ್ಲ. ಅವನು ಮತ್ತೆ ಆ ಮನೆಗೆ ದೋಸೆ ತಿನ್ನಲು ಹೋಗಲಿಲ್ಲ.

*

ಹುಂಚದ ಬಸ್ಸಿನಲ್ಲಿ ಕೆರಿಯಮ್ಮನ ತಂಗಿಯ ಜೊತೆ ಇನ್ನೊಬ್ಬ ಹೆಂಗಸು ಇಳಿದಳು. ಒಳ್ಳೆಯ ಸೀರೆ, ಕೈಯಲ್ಲಿ ಕಾರಿರುವ ಮನೆಯವರು ಹಿಡಿಯುವಂಥ ಕೈಚೀಲ. ಯಾರಿಗೂ ಗುರುತಿಲ್ಲ. ಹೆಣದ ಕಾಲಿಗೆ ನಮಸ್ಕಾರ ಮಾಡಿ, ಸುಟ್ಟ ಕೈಯನ್ನು ಒಮ್ಮೆ ಮುಟ್ಟಿ, ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು.

"ನಾನು ವನಮಾಲಾ ಅಂತ, ತೀರ್ಥಹಳ್ಳಿ. ಇವ್ರ ನಂಬರಲ್ಲಿ ಮಗಳು ಹಾಕಿದ ವಾಟ್ಸಾಪ್ ಸ್ಟೇಟಸ್ ನೋಡಿ ಹೊರಟೆ" ಎಂದು ಅವಳು ಹೇಳಿದಳು. "ಇವ್ರು ನಮ್ಮನೆಗೆ ಬಂದು ಸೀದಾ ಅಡುಗೆಮನೆಗೆ ನುಗ್ಗಿ ಪ್ಲಗ್ ಕಿತ್ತುಬಿಟ್ರು. ಮಗಳ ಬರ್ತ್‌ಡೇಗೆ ಐಸ್‌ಕ್ರೀಮ್ ತುಂಬ್ಸಿಟ್ಟಿದ್ದೆ. ಬಾಯಿಗೆ ಬಂದ ಹಾಗೆ ಬೈದೆ. 'ಬೈರಿ, ಪ್ಲಗ್ ಮಾತ್ರ ಹಾಕ್ಬೇಡಿ' ಅಂತ ಜಗಲೀಲಿ ಕೂತ್ರು. ಮೆಕ್ಯಾನಿಕ್ ಬರೋ ತನಕ ಏಳ್ಲೇ ಇಲ್ಲ. ಅವನು ಬಿಚ್ಚಿ ನೋಡಿದ್ರೆ ಒಳಗೆ ವಯರೆಲ್ಲ ಕರಕಲು."

"ಆಮೇಲೆ?" ಎಂದಳು ವಿನಯಾ.

"ಆಮೇಲೆ ಎಂತ. ಕರಗಿದ ಐಸ್‌ಕ್ರೀಮನ್ನೇ ಲೋಟದಲ್ಲಿ ಹಾಕಿ ಕೊಟ್ಟೆ. ಕುಡಿದು, 'ಸಕ್ರೆ ಜಾಸ್ತಿ ಆಯ್ತು' ಅಂದ್ರು." ವನಮಾಲಾ ಅಳುತ್ತಲೇ ನಕ್ಕಳು. "ಫ್ರಿಜ್ಜಿನ ಹಿಂದಿನ ಗೋಡೆ ಆಚೆ ಮಗಳು ಮಲಗೋ ಕೋಣೆ. ಇವತ್ತಿಗೂ ರಾತ್ರಿ ಎದ್ದು ಅವಳನ್ನ ಮುಟ್ಟಿ ನೋಡಿ ಬರ್ತೀನಿ."

ಬಾಗಿಲ ಹೊರಗೆ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ದುರ್ಗೇಶನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಆ ಮನೆ ಅವನಿಗೆ ಚೆನ್ನಾಗಿ ನೆನಪಿತ್ತು. ಫ್ರಿಜ್ಜನ್ನು ಆ ಗೋಡೆಗೆ ಒತ್ತಿ ಇಟ್ಟು, ಟಿಪ್ಸ್ ಇಸಿದುಕೊಂಡು ಬಂದವನು ಅವನೇ. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

*

ಮಧ್ಯಾಹ್ನ ಚಟ್ಟ ಎದ್ದಿತು. ಬೆಂಕಿಯ ಮಡಕೆ ಹಿಡಿದು ನಿಂಗಪ್ಪ ಮುಂದೆ, ಮುಂದಿನ ಬಲಹೆಗಲು ದುರ್ಗೇಶನದು. ಮಂಡಕ್ಕಿ ಎರಚುತ್ತಾ ಹೆಂಗಸರು ಹಿಂದೆ ಬಂದರು. ಆ ಮನೆತನದವರ ಪದ್ಧತಿಯಲ್ಲಿ ದಾರಿಯ ನಡುವೆ ಒಂದು ಕಡೆ ಚಟ್ಟವನ್ನು ನೆಲಕ್ಕಿಳಿಸಿ, ದಿಕ್ಕು ತಿರುಗಿಸಿ, ಮತ್ತೆ ಎತ್ತುತ್ತಾರೆ. ಹೆಂಗಸರು ಅಲ್ಲಿಯವರೆಗೆ ಬರಬಹುದು, ಮುಂದೆ ಗಂಡಸರು ಮಾತ್ರ. ಹಿಂದಿನಿಂದಲೂ ಆ ಜಾಗ ಊರಾಚೆಯ ಅರಳಿಕಟ್ಟೆ.

ತನುಜಾಳ ಕಂಕುಳಲ್ಲಿ ಒಂದು ಬಟ್ಟೆಚೀಲವಿತ್ತು. ಯಾರೂ ಅದನ್ನು ಗಮನಿಸಲಿಲ್ಲ. ದಾರಿಯಲ್ಲಿ ಅಂಗಡಿ ಸಿಗುತ್ತದೆ, ಯಾರಾದರೂ ತಡೆಯುವುದರೊಳಗೆ ಓಡಿಹೋಗಿ ಕಾಗದ ಅಂಟಿಸಿ ಬಂದುಬಿಡಬೇಕು, ಅವ್ವನ ಎದುರಿಗೇ ಆಗಿಬಿಡಬೇಕು ಎಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು.

ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಪೂರ್ಣೇಶನ ಅಂಗಡಿ ಬಲೂನು ಕಟ್ಟಿಕೊಂಡು ನಿಂತಿತ್ತು. ಗಾಜಿನ ಬಾಗಿಲ ಮೇಲೆ 'ದೀಪಾವಳಿ ಮೆಗಾ ಸೇಲ್'. ಬಾಗಿಲಲ್ಲಿ ಪೂರ್ಣೇಶನೇ ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ನಿಂತಿದ್ದ. ಪಕ್ಕದಲ್ಲಿ ಫೋಟೋ ತೆಗೆಯಲು ಒಬ್ಬ. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ ಇರಬೇಕು.

ದುರ್ಗೇಶ್ ಆ ಹಾರವನ್ನು ನೋಡಿದ. ಅವನ ಕಾಲು ನಿಂತಿತು. ಅವನು ನಿಂತದ್ದಕ್ಕೆ ಉಳಿದ ಮೂವರೂ ನಿಂತರು.

"ನಿಂಗಪ್ಪ ಮಾವ, ಇಲ್ಲೇ ಇಳ್ಸಣ."

"ಇಲ್ಲಾ? ಕಟ್ಟೆ ಇನ್ನೂ ಮುಂದೆ ಅಲ್ವನಾ?" ನಿಂಗಪ್ಪ ತಿರುಗಿದರು. ಅಂಗಡಿಯನ್ನು ನೋಡಿದರು, ಹಾರವನ್ನು ನೋಡಿದರು, ಹುಡುಗನ ಮುಖ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಚಟ್ಟ ಇಳ್ಸದು ಸುಸ್ತಾದ ಕಡೆ ಅಂತಾರೆ ಹಿರೇರು. ಕೆರಿಯಮ್ಮ ಅಲೆದು ಸುಸ್ತಾಗಿದ್ದು ಈ ಬಾಗ್ಲಿಂದ್ಲೇ. ಇಳ್ಸಿ."

ಅಂಗಡಿಯ ಮೆಟ್ಟಿಲಿಗೆ ಒಂದು ಮಾರು ದೂರದಲ್ಲಿ ಕೆರಿಯಮ್ಮ ನೆಲ ಮುಟ್ಟಿದಳು. ಹಿಂದೆ ಬಸ್ಸೊಂದು ಹಾರನ್ ಹೊಡೆದು, ಹೆಣ ಕಂಡು ಸುಮ್ಮನಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಒಂದು ಮಾತೂ ಆಡಿರಲಿಲ್ಲ, ಪೂರ್ಣೇಶ್ ಆಗಲೇ ಹಾರದ ಸಮೇತ ಒಳಗೆ ಸರಿದು ಗಾಜಿನ ಬಾಗಿಲು ಎಳೆದುಕೊಂಡಿದ್ದ. ಸಂದಿಯಿಂದ ಕೂಗಿದ: "ದುರ್ಗೇಶಾ, ಎಂತ ಆಟ ಇದು? ವ್ಯಾಪಾರದ ಬಾಗ್ಲಲ್ಲಿ ಹೆಣ ಇಳಿಸ್ತೀಯಾ? ಕೆಲ್ಸ ಬೇಕಾ ಬೇಡ್ವಾ ನಿಂಗೆ?"

ದುರ್ಗೇಶ್ ಟೀ ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆದ. ಅಂಗಡಿಯ ಹೆಸರು ಒಳಗಾಗುವಂತೆ ನಾಲ್ಕು ಮಡಿಕೆ ಮಡಚಿ ಬಿದಿರು ಒತ್ತಿ ಕೆಂಪಾಗಿದ್ದ ಹೆಗಲ ಮೇಲೆ ಇಟ್ಟುಕೊಂಡ.

"ಬೇಡ" ಎಂದ.

ತನುಜಾ ಓಡಬೇಕಾಗಲಿಲ್ಲ. ನಿಧಾನವಾಗಿ ಮೆಟ್ಟಿಲು ಹತ್ತಿ, ಚೀಲದಿಂದ ಮುಚ್ಚಳದ ಪಾತ್ರೆ ತೆಗೆದಳು. ಅವ್ವ ಕೊನೆಯದಾಗಿ ರುಬ್ಬಿದ ಹಿಟ್ಟು ಬಿಸಿಲಿಗೆ ಇನ್ನಷ್ಟು ಹುದುಗಿ ಮುಚ್ಚಳವನ್ನೇ ಎತ್ತಿತ್ತು. ಹುಳಿ ವಾಸನೆ ಬೀದಿಗೆಲ್ಲ ಬಂತು. ಇಡೀ ಅಂಗೈ ಅದ್ದಿ ಅವಳು ಗಾಜಿಗೆ ಬಳಿದಳು, 'ಮೆಗಾ ಸೇಲ್' ಮೇಲೆ, ಹಿಡಿಕೆಯ ಮೇಲೆ, ಎರಡು ಬಾಗಿಲು ಸೇರುವ ಸಂದಿಯ ಮೇಲೆ. ಅದರ ಮೇಲೆ ಕಾಗದ ಒತ್ತಿದಳು. ಅವ್ವ ಬದುಕಿದ್ದಾಗಲೇ ಬರೆದಿಟ್ಟ ಕಾಗದ ಅದು; ಬರೆದವಳು ತನುಜಾಳೇ, ಕೊನೆಯ ಪದ ಮಾತ್ರ ಕೆರಿಯಮ್ಮ ಹೇಳಿ ಬರೆಸಿದ್ದು.

ಮುಂದೆ ಬಂದು ವನಮಾಲಾ ಗಟ್ಟಿಯಾಗಿ ಓದಿದಳು: "ಫ್ರಾಸ್ಟಿನಾ ಎರಡು ಬಾಗಿಲಿನ ಫ್ರಿಜ್ ಇದ್ದವರು ಇವತ್ತೇ ಪ್ಲಗ್ ಕಿತ್ತು ಹಾಕಿ. ಬೆಂಕಿ ಹತ್ತುತ್ತದೆ ಎಂದು ಕಂಪನಿಯೇ ಒಪ್ಪಿದೆ. ಹಳೆಯದನ್ನು ಕೊಟ್ಟು ಹೊಸದನ್ನು ಕೇಳಿ. ಕೊಡಲೇಬೇಕು."

"ಏಯ್, ಕೀಳ್ರೋ ಅದನ್ನ!" ಪೂರ್ಣೇಶ್ ಹೊರಗಿದ್ದ ಹುಡುಗರಿಗೆ ಹೇಳಿದ.

ಇಬ್ಬರು ಮುಂದೆ ಬಂದವರು ಹಿಟ್ಟು ನೋಡಿ ಹಿಂದೆ ಸರಿದರು. "ಹೆಣದ ಮನೆ ಹಿಟ್ಟು ಸಾರ್. ಸೂತಕದ ಕೈ. ನಮ್ ಕೈಲಾಗಲ್ಲ" ಎಂದ ಒಬ್ಬ.

ದುರ್ಗೇಶ್ ಚಟ್ಟದ ಪಕ್ಕ ಮಂಡಿಯೂರಿದ. ಆ ಸುಟ್ಟ ಕೈ ಹಿಡಿದಾಗ ಅವನಿಗೆ ಅಳು ತಡೆಯಲಾಗಲಿಲ್ಲ. "ಅತ್ತೆ, ವರದಮೂಲದ ದಾರೀದು, ಜೋಗದ್ದು, ಹೊಸನಗರದ್ದು, ಎಲ್ಲಾ ಮನೆ ಗೊತ್ತು ನಂಗೆ. ನಾನೇ ಇಳ್ಸಿದ್ದಲ್ವಾ. ನಾಳೆಯಿಂದ ನಾನ್ ಹೋಗ್ತೀನಿ" ಎಂದ.

ಚಟ್ಟ ದಿಕ್ಕು ತಿರುಗಿ ಮೇಲೆದ್ದಿತು. ಗಂಡಸರು ಮುಂದೆ ಹೋದರು. ಇಳಿಸಿದ ಜಾಗದಿಂದ ಆಚೆ ಹೆಂಗಸರು ಹೋಗುವ ಹಾಗಿಲ್ಲ. ತನುಜಾ, ವನಮಾಲಾ, ವಿನಯಾ, ಹುಂಚದಿಂದ ಬಂದ ಕೆರಿಯಮ್ಮನ ತಂಗಿ, ಎಲ್ಲರೂ ಶಾಸ್ತ್ರ ಮೀರದೆ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು.

ನಿಂತಿದ್ದ ಬಸ್ಸಿನಿಂದ ಒಬ್ಬ ಇಳಿದು ಬಂದು ಕನ್ನಡಕ ಹಾಕಿ ಓದಿದ. ಅವನ ಹಿಂದೆ ಇನ್ನಿಬ್ಬರು ಬಂದರು. ಯಾರೋ ಫೋನು ಕಿವಿಗಿಟ್ಟುಕೊಂಡು ಕೂಗುತ್ತಿದ್ದರು: "ಏ, ಅಡುಗೆಮನೆಗೆ ಹೋಗೇ. ಮೊದ್ಲು ಪ್ಲಗ್ ಕೀಳು!"

ಗಾಜಿನ ಒಳಗೆ ಪೂರ್ಣೇಶ್ ಹಿಡಿಕೆಯತ್ತ ಕೈ ಚಾಚಿದ. ಸಂದಿಯಿಂದ ಹಿಟ್ಟು ಒಳಗೂ ಇಳಿದು ಹಿಡಿಕೆಯಿಂದ ತೊಟ್ಟಿಕ್ಕುತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬೇರೆ ಬಾಗಿಲಿರಲಿಲ್ಲ. ದೀಪ ಹಾಕಿದ ಹೊಸ ಫ್ರಿಜ್ಜುಗಳ ಸಾಲಿನ ನಡುವೆ, ಯಾರಿಗೂ ಹಾಕದ ಹಾರವನ್ನು ಹಿಡಿದುಕೊಂಡು ಅವನು ನಿಂತೇ ಇದ್ದ.